‘ಆ್ಯಂಡ್’ ಮುಂದೆ ಕಾಮಾ: ಯಾವಾಗ ಬೇಕು, ಯಾವಾಗ ಬೇಡ

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲಾ ಶಹಾಪುರದಾಕಿ. ಡಿಗ್ರಿ ತನಕ ಕನ್ನಡ ಮೀಡಿಯಂ. ಈಗ ಕಲಬುರಗಿಯಾಗ ರೂಮ್ ಮಾಡ್ಕೊಂಡು ಕಾಂಪಿಟೇಟಿವ್ ಪರೀಕ್ಷೆಗೆ ಓದ್ಲಿಕತ್ತೀನಿ. ಇಂಗ್ಲಿಷ್ ಪ್ರಬಂಧ ಬರ್ದು ತೋರಿಸಿದ್ರ ಸರ್ ಕಾಮಾದ ಸುತ್ತ ಕೆಂಪು ಪೆನ್ನಿಲೆ ಗೋಲ ಹಾಕ್ತಾರ. ಒಂದು ಸಾಲಿನಾಗ ‘ಆ್ಯಂಡ್’ ಮುಂದ ಕಾಮಾ ಯಾಕ ಹಾಕಿಲ್ಲ ಅಂತಾರ, ಮುಂದಿನ ಸಾಲಿನಾಗ ಅದೇ ‘ಆ್ಯಂಡ್’ ಮುಂದ ಯಾಕ ಹಾಕಿದಿ ಅಂತಾರ. ಉಸಿರು ತಗೊಳ್ಳೋ ಕಡೆ ಕಾಮಾ ಅಂತ ನಾವು ಸಾಲಿಯಾಗ ಕಲ್ತೀವಿ. ಗೋಲ ಬಿದ್ದ ನಾಕು ವಾಕ್ಯ ಕಳಿಸೀನಿ, ಏನು ತಪ್ಪದ ಹೇಳ್ರಿ.
1. ಮೈ ಫಾದರ್ ಗ್ರೋಸ್ ತೊಗರಿ ಆ್ಯಂಡ್ ಮೈ ಮದರ್ ಸೆಲ್ಸ್ ಮಿಲ್ಕ್.
2. ಐ ವೆಂಟ್ ಟು ಕಲಬುರಗಿ, ಆ್ಯಂಡ್ ಜಾಯಿನ್ಡ್ ಎ ಕಾಲೇಜ್.
3. ದಿ ರೇನ್ ಫೇಲ್ಡ್, ದಿ ಕ್ರಾಪ್ ಡ್ರೈಡ್ ಅಪ್.
4. ವಿ ವರ್ಕ್ಡ್ ಹಾರ್ಡ್ ಬಟ್, ವಿ ಗಾಟ್ ನಥಿಂಗ್.

ಉತ್ತರ: ನಿಮ್ಮ ಸರ್ ಹಾಕಿದ ನಾಲ್ಕೂ ಗೋಲ ಸರಿಯಾಗಿವೆ. ಎರಡು ಮಾತು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತ ನಿಮಗೆ ಅನಿಸಿದ್ದಕ್ಕೆ ಕಾರಣ ಸಾಲಿಯಲ್ಲಿ ಕಲಿತ ಉಸಿರಿನ ನಿಯಮ. ಮೊದಲು ಅದನ್ನು ಬದಿಗಿಡಿ. ಉಸಿರು ಒಬ್ಬೊಬ್ಬರದು ಒಂದೊಂದು ಥರ, ಕಾಮಾ ಹಾಗಲ್ಲ. ಇಂಗ್ಲಿಷ್ ಸಂಯೋಜಿತ ವಾಕ್ಯದಲ್ಲಿ ಕಾಮಾ ಎಲ್ಲಿ ಬೀಳಬೇಕು ಅನ್ನುವುದನ್ನು ಕಿವಿಯಿಂದ ಕೇಳಿ ತೀರ್ಮಾನಿಸಲು ಆಗದು, ಎಣಿಸಿ ತೀರ್ಮಾನಿಸಬೇಕು. ಎಣಿಸುವುದು ಒಂದನ್ನೇ: ಒಂದು ಕರ್ತೃ ಮತ್ತು ಅದರ ಪೂರ್ಣ ಕ್ರಿಯಾಪದ, ಈ ಜೋಡಿ ವಾಕ್ಯದಲ್ಲಿ ಎಷ್ಟಿದೆ? (ನೀವು ಕನ್ನಡ ಅಕ್ಷರದಲ್ಲೇ ಬರೆದು ಕಳಿಸಿದ್ದೀರಿ, ನಾನೂ ಹಾಗೇ ಬರೆಯುತ್ತೇನೆ. ಕಣ್ಣು ಸ್ಪೆಲಿಂಗ್ ಮೇಲೆ ಹೋಗದೆ ಕಾಮಾದ ಮೇಲೆ ನಿಲ್ಲುತ್ತದೆ.)

ಮೊದಲ ವಾಕ್ಯ ನೋಡಿ. ‘ಮೈ ಫಾದರ್’ ಒಂದು ಕರ್ತೃ, ‘ಗ್ರೋಸ್’ ಅದರ ಕ್ರಿಯಾಪದ. ‘ಮೈ ಮದರ್’ ಇನ್ನೊಂದು, ‘ಸೆಲ್ಸ್’ ಅದರದು. ಎರಡು ಜೋಡಿ, ನಡುವೆ ‘ಆ್ಯಂಡ್’ ಎಂಬ ಕೊಂಡಿ. ಎರಡು ಪೂರ್ಣ ವಾಕ್ಯಗಳನ್ನು ಇಂಥ ಕೊಂಡಿಯಿಂದ ಜೋಡಿಸಿದಾಗ ಕೊಂಡಿಗಿಂತ ಮೊದಲೇ, ಅಂದರೆ ‘ತೊಗರಿ’ ಆದ ತಕ್ಷಣ, ಕಾಮಾ ಬರುತ್ತದೆ: ಮೈ ಫಾದರ್ ಗ್ರೋಸ್ ತೊಗರಿ, ಆ್ಯಂಡ್ ಮೈ ಮದರ್ ಸೆಲ್ಸ್ ಮಿಲ್ಕ್. ಈ ಕೆಲಸ ಮಾಡುವ ಕೊಂಡಿಗಳು ಇಂಗ್ಲಿಷ್‌ನಲ್ಲಿ ಏಳೇ: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಮೊದಲ ಅಕ್ಷರಗಳನ್ನು ಕೂಡಿಸಿ ‘ಫ್ಯಾನ್‌ಬಾಯ್ಸ್’ ಅಂತ ನೆನಪಿಟ್ಟುಕೊಳ್ಳುತ್ತಾರೆ. ಬಳಕೆಯಲ್ಲಿ ಆ್ಯಂಡ್, ಬಟ್, ಸೋ, ಆರ್ ಈ ನಾಲ್ಕೇ ಹೆಚ್ಚು. ಪಟ್ಟಿಗೆ ಎಂಟನೆಯದು ಸೇರುವುದಿಲ್ಲ ಅನ್ನುವುದು ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಕಾಮಾ ಇಲ್ಲದಿದ್ದರೆ ಏನು ಕೆಡುತ್ತದೆ? ನಿಮ್ಮ ವಾಕ್ಯದಲ್ಲಿ ದೊಡ್ಡದೇನೂ ಕೆಡುವುದಿಲ್ಲ. ಆದರೆ ಇದನ್ನು ಓದಿ: ವಿ ಸೋಲ್ಡ್ ದಿ ತೊಗರಿ ಆ್ಯಂಡ್ ದಿ ಬುಲಕ್ಸ್ ವೆಂಟ್ ಹೋಮ್. ಓದುವವನ ಕಣ್ಣು ‘ಬುಲಕ್ಸ್’ ತನಕ ಬಂದಾಗ ಏನು ತಿಳಿಯುತ್ತದೆ? ತೊಗರಿ ಮಾರಿದರು, ಎತ್ತುಗಳನ್ನೂ ಮಾರಿದರು. ಮುಂದೆ ‘ವೆಂಟ್ ಹೋಮ್’ ಬಂದ ಮೇಲೆ ತಬ್ಬಿಬ್ಬಾಗಿ ಮತ್ತೆ ಹಿಂದೆ ಹೋಗಬೇಕು. ‘ತೊಗರಿ’ ಆದಮೇಲೆ ಒಂದು ಕಾಮಾ ಇದ್ದರೆ ಎತ್ತುಗಳು ಮಾರಾಟವಾಗದೆ ಮನೆಗೆ ಹೋಗುತ್ತವೆ.

ಇದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಮಾರಿದ್ದಾದರೆ ‘ಎತ್ತುಗಳನ್ನು’, ಹೋದದ್ದಾದರೆ ‘ಎತ್ತುಗಳು’. ವಿಭಕ್ತಿ ಪ್ರತ್ಯಯವೇ ಯಾರು ಕರ್ತೃ, ಯಾವುದು ಕರ್ಮ ಅಂತ ಹೇಳಿಬಿಡುತ್ತದೆ. ಇಂಗ್ಲಿಷ್‌ನ ‘ದಿ ಬುಲಕ್ಸ್’ಗೆ ಬಾಲವಿಲ್ಲ, ಮಾರಿದರೂ ಅದೇ, ನಡೆದರೂ ಅದೇ. ನಮ್ಮಲ್ಲಿ ಪ್ರತ್ಯಯ ಮಾಡುವ ಕೆಲಸದ ಒಂದು ಪಾಲು ಅಲ್ಲಿ ಕಾಮಾದ ಪಾಲಿಗೆ ಬಂದಿದೆ. ಓಲೆಗರಿಯ ಮೇಲೆ ವಚನ ಬರೆದವರಿಗೆ ಕಾಮಾ ಅನ್ನುವುದೇ ಇರಲಿಲ್ಲ, ಅರ್ಥಕ್ಕೆ ಅದರ ಕೊರತೆಯೂ ಆಗಲಿಲ್ಲ. ಕನ್ನಡದ ಕಾಮಾ ಅಚ್ಚಿನ ಜೊತೆ ಇಂಗ್ಲಿಷ್‌ನಿಂದ ಬಂದದ್ದು. ಚಿಹ್ನೆ ತಂದೆವು, ಅದರ ಲೆಕ್ಕ ತರಲಿಲ್ಲ, ತರುವ ಅಗತ್ಯವೂ ಇರಲಿಲ್ಲ.

ಎರಡನೆಯ ವಾಕ್ಯ ಇದಕ್ಕಿಂತ ಸ್ವಾರಸ್ಯದ್ದು. ಕನ್ನಡ ಕಿವಿ ಯಾಕೆ ಮೋಸ ಹೋಗುತ್ತದೆ ಅನ್ನುವುದು ಇದರಲ್ಲಿ ಎದ್ದು ಕಾಣುತ್ತದೆ. ‘ಆ್ಯಂಡ್’ ಪದವನ್ನೂ ಅದರ ಎಡಗಡೆಯದನ್ನೂ ಬೆರಳಿನಿಂದ ಮುಚ್ಚಿ. ಉಳಿದದ್ದು: ಜಾಯಿನ್ಡ್ ಎ ಕಾಲೇಜ್. ಯಾರು ಸೇರಿದರು? ಗೊತ್ತಿಲ್ಲ. ಇದು ತನ್ನ ಕಾಲ ಮೇಲೆ ನಿಲ್ಲುವ ವಾಕ್ಯವಲ್ಲ, ಹಾಗಾಗಿ ಕಾಮಾ ಬೇಡ: ಐ ವೆಂಟ್ ಟು ಕಲಬುರಗಿ ಆ್ಯಂಡ್ ಜಾಯಿನ್ಡ್ ಎ ಕಾಲೇಜ್. ಒಬ್ಬನೇ ಕರ್ತೃ ಎರಡು ಕೆಲಸ ಮಾಡಿದ್ದಾನೆ, ಅಷ್ಟೇ. ಇಲ್ಲಿ ಕಾಮಾ ಹಾಕಿದರೆ ಕರ್ತೃವಿಗೂ ಅವನ ಎರಡನೆಯ ಕ್ರಿಯಾಪದಕ್ಕೂ ನಡುವೆ ಗೋಡೆ ಕಟ್ಟಿದಂತೆ.

ಆದರೆ ನಿಮಗೆ ಅದು ಪೂರ್ಣ ವಾಕ್ಯ ಅಂತ ಅನಿಸಿದ್ದು ಸಹಜ. ಕನ್ನಡದಲ್ಲಿ ‘ಕಾಲೇಜು ಸೇರಿಕೊಂಡೆ’ ಅಂದರೆ ಪೂರ್ಣ ವಾಕ್ಯವೇ. ಕೊನೆಯ ‘ಎ’ ಒಳಗೆ ‘ನಾನು’ ಕೂತಿದೆ. ‘ಸೇರಿಕೊಂಡಳು’ ಅಂದರೆ ‘ಅಳು’ ಒಳಗೆ ‘ಅವಳು’ ಇದ್ದಾಳೆ. ಇಂಗ್ಲಿಷ್‌ನ ‘ಜಾಯಿನ್ಡ್’ ಒಳಗೆ ಯಾರೂ ಇಲ್ಲ. ನಾನು, ನೀನು, ಅವಳು, ಅವರು, ಎಲ್ಲರಿಗೂ ಒಂದೇ ರೂಪ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆಯುವಾಗ ಆ ಇಲ್ಲದ ‘ನಾನು’ ನಿಮ್ಮ ತಲೆಯಲ್ಲಿ ಕೇಳಿಸುತ್ತದೆ, ಕೈ ಕಾಮಾ ಹಾಕಿಬಿಡುತ್ತದೆ. ಕಾಗದದ ಮೇಲೆ ಅಕ್ಷರದಲ್ಲಿ ಬರೆದ ಕರ್ತೃ ಇದ್ದರೆ ಮಾತ್ರ ಎಣಿಸಿ. ನೀವು ‘ಆ್ಯಂಡ್ ಐ ಜಾಯಿನ್ಡ್ ಎ ಕಾಲೇಜ್’ ಅಂತ ಬರೆದಿದ್ದರೆ ನಿಮ್ಮ ಕಾಮಾ ಸರಿಯಾಗಿರುತ್ತಿತ್ತು. ಒಂದು ‘ಐ’ ಇದ್ದರೆ ಕಾಮಾ ಒಳಗೆ, ತೆಗೆದರೆ ಹೊರಗೆ.

ಬೆರಳಿನ ಪರೀಕ್ಷೆ ಕೈಕೊಡುವ ಜಾಗ ಎರಡು ಇವೆ. ಆಜ್ಞೆ ಕೊಡುವ ವಾಕ್ಯದಲ್ಲಿ ಕರ್ತೃ ಕಾಣದಿದ್ದರೂ ‘ಯು’ ಒಳಗೇ ಇರುತ್ತದೆ: ರೀಚ್ ದಿ ಸೆಂಟರ್ ಬೈ ನೈನ್, ಆ್ಯಂಡ್ ಕೀಪ್ ಯುವರ್ ಹಾಲ್ ಟಿಕೆಟ್ ರೆಡಿ. ಇಲ್ಲಿ ಕಾಮಾ ಸರಿ. ಇನ್ನೊಂದು ‘ನಾರ್’. ಅದರ ಬಲಗಡೆ ಬರುವ ವಾಕ್ಯ ತಲೆಕೆಳಗಾಗುತ್ತದೆ: ಹಿ ಡಿಡ್ ನಾಟ್ ಕಾಲ್, ನಾರ್ ಡಿಡ್ ಹಿ ರೈಟ್. ಕರ್ತೃವಿಗಿಂತ ಮೊದಲು ‘ಡಿಡ್’ ಬಂದಿದೆ ಅಂತ ಹೆದರಬೇಡಿ, ಜೋಡಿ ಅಲ್ಲೇ ಇದೆ.

‘ಆ್ಯಂಡ್ ಮುಂದೆ ಕಾಮಾ ಹಾಕಲೇಬಾರದು’ ಅನ್ನುವ ಇನ್ನೊಂದು ಮಾತೂ ಸಾಲಿಯಿಂದ ಬಂದಿರುತ್ತದೆ. ಅದು ವಾಕ್ಯಗಳಿಗೆ ಹೇಳಿದ್ದಲ್ಲ, ಸಾಮಾನಿನ ಪಟ್ಟಿಗೆ ಹೇಳಿದ್ದು. ಜೋಳ, ತೊಗರಿ, ಹೆಸರು ಆ್ಯಂಡ್ ಶೇಂಗಾ ಅಂತ ಬರೆಯುವಾಗ ಕೊನೆಯ ‘ಆ್ಯಂಡ್’ ಮುಂದೆ ಕಾಮಾ ಬಿಡುವುದು ಬ್ರಿಟಿಷ್ ರೂಢಿ, ನಮ್ಮ ಪಠ್ಯಪುಸ್ತಕಗಳೂ ಹೆಚ್ಚಾಗಿ ಅದೇ ದಾರಿ ಹಿಡಿದಿವೆ. ಅಮೆರಿಕದವರು ಅಲ್ಲೂ ಹಾಕುತ್ತಾರೆ. ಆ ಜಗಳಕ್ಕೂ ನಿಮ್ಮ ಮೊದಲ ವಾಕ್ಯಕ್ಕೂ ಸಂಬಂಧವಿಲ್ಲ.

ಮೂರನೆಯದು ನಾಲ್ಕರಲ್ಲಿ ದೊಡ್ಡ ತಪ್ಪು. ಇದನ್ನು ಇಂಗ್ಲಿಷ್‌ನವರು ಕಾಮಾ ಸ್ಪ್ಲೈಸ್ ಅನ್ನುತ್ತಾರೆ. ಮೌಲ್ಯಮಾಪಕರ ಕಣ್ಣಿಗೆ ಬೇಗ ಬೀಳುವುದು ಇದೇ. ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾದಿಂದ ಹೊಲಿಯಲು ಬರುವುದಿಲ್ಲ. ಕನ್ನಡದಲ್ಲಿ ‘ಮಳೆ ಕೈಕೊಟ್ಟಿತು, ಬೆಳೆ ಒಣಗಿತು’ ಅಂತ ಬರೆದರೆ ಯಾರೂ ಏನೂ ಅನ್ನುವುದಿಲ್ಲ, ಚೆಂದವಾಗಿಯೇ ಇದೆ. ಇಂಗ್ಲಿಷ್‌ನಲ್ಲಿ ಕಾಮಾಕ್ಕೆ ಅಷ್ಟು ಶಕ್ತಿ ಇಲ್ಲ, ಜೊತೆಗೆ ಏಳರಲ್ಲಿ ಒಂದು ಕೊಂಡಿ ಬೇಕು. ಕಾಮಾವನ್ನೂ ಬಿಟ್ಟು ‘ದಿ ರೇನ್ ಫೇಲ್ಡ್ ದಿ ಕ್ರಾಪ್ ಡ್ರೈಡ್ ಅಪ್’ ಅಂತ ಬರೆದರೆ ಇನ್ನೂ ಕೆಟ್ಟದ್ದು.

ತಿದ್ದಲು ನಾಲ್ಕು ದಾರಿ. ಪೂರ್ಣವಿರಾಮ ಹಾಕಿ ಎರಡು ವಾಕ್ಯ ಮಾಡಬಹುದು, ತಪ್ಪಾಗುವ ಭಯವೇ ಇಲ್ಲ, ಆದರೆ ಪ್ರಬಂಧ ತುಂಬ ಹಾಗೇ ಮಾಡಿದರೆ ಓದು ಕುಂಟುತ್ತದೆ. ಕೊಂಡಿ ಹಾಕಬಹುದು: ದಿ ರೇನ್ ಫೇಲ್ಡ್, ಆ್ಯಂಡ್ ದಿ ಕ್ರಾಪ್ ಡ್ರೈಡ್ ಅಪ್. ಸೆಮಿಕೋಲನ್ ಹಾಕಬಹುದು: ದಿ ರೇನ್ ಫೇಲ್ಡ್; ದಿ ಕ್ರಾಪ್ ಡ್ರೈಡ್ ಅಪ್. ಇಲ್ಲವೇ ಮೊದಲರ್ಧವನ್ನು ಅಧೀನ ಮಾಡಿ ಮಿಶ್ರ ವಾಕ್ಯ ಮಾಡಬಹುದು: ವೆನ್ ದಿ ರೇನ್ ಫೇಲ್ಡ್, ದಿ ಕ್ರಾಪ್ ಡ್ರೈಡ್ ಅಪ್. ನನ್ನನ್ನು ಕೇಳಿದರೆ ಈ ವಾಕ್ಯಕ್ಕೆ ಕೊನೆಯದೇ ಒಪ್ಪುತ್ತದೆ. ಮಳೆಗೂ ಬೆಳೆಗೂ ಇರುವ ನಂಟು ‘ಆ್ಯಂಡ್’ನಲ್ಲಿ ಕಾಣುವುದಿಲ್ಲ, ‘ವೆನ್’ನಲ್ಲಿ ಕಾಣುತ್ತದೆ.

ಸೆಮಿಕೋಲನ್ ಬಗ್ಗೆ ಒಂದು ಎಚ್ಚರ. ಕನ್ನಡ ವ್ಯಾಕರಣದ ಪಾಠದಲ್ಲಿ ಅರ್ಧವಿರಾಮ ಅಂತ ಓದಿದ್ದೀರಿ: ಒಂದು ಪ್ರಧಾನ ವಾಕ್ಯಕ್ಕೆ ಅಧೀನವಾದ ಉಪವಾಕ್ಯಗಳು ಮುಗಿದಲ್ಲೆಲ್ಲ ಅರ್ಧವಿರಾಮ ಅಂತ. ಚಿಹ್ನೆ ಅದೇ, ಇಂಗ್ಲಿಷ್‌ನ ಲೆಕ್ಕ ಬೇರೆ. ಅಲ್ಲಿ ಅದು ಅಧೀನ ವಾಕ್ಯಕ್ಕೆ ಬರುವುದಿಲ್ಲ, ಎರಡು ಸಮಾನ ಪೂರ್ಣ ವಾಕ್ಯಗಳ ನಡುವೆ ಬರುತ್ತದೆ. ‘ವೆನ್ ದಿ ರೇನ್ ಫೇಲ್ಡ್;’ ಅಂತ ಸೆಮಿಕೋಲನ್ ಹಾಕಿದರೆ ತಪ್ಪು. ಸೆಮಿಕೋಲನ್ನಿನ ಎರಡೂ ಕಡೆ ಪೂರ್ಣವಿರಾಮ ಹಾಕಿ ನಿಲ್ಲಿಸಲು ಬಂದರೆ ಮಾತ್ರ ಅದು ಅಲ್ಲಿ ಇರಲಿ.

ಮೂರು ಪುಟ್ಟ ವಾಕ್ಯಗಳ ಸಾಲು ಬಂದಾಗ ನಡುವೆ ಕಾಮಾ ಇರುವುದು ಕಂಡು ಗೊಂದಲ ಮಾಡಿಕೊಳ್ಳಬೇಡಿ: ದಿ ಸ್ಕೈ ಡಾರ್ಕನ್ಡ್, ದಿ ವಿಂಡ್ ರೋಸ್, ಆ್ಯಂಡ್ ದಿ ಪವರ್ ವೆಂಟ್. ಅದು ಪಟ್ಟಿ. ಕೊನೆಗೆ ‘ಆ್ಯಂಡ್’ ಇದೆಯಲ್ಲ, ಅದು ಇಡೀ ಸಾಲನ್ನು ಹಿಡಿದಿದೆ.

ಈಗ ಎಂಟನೆಯ ಕೊಂಡಿಯ ಮಾತು. ಹೌವೆವರ್, ದೇರ್‌ಫೋರ್, ಮೋರೋವರ್, ದೆನ್, ಇವು ಕೊಂಡಿಯಂತೆ ಕಾಣುತ್ತವೆ, ಕೊಂಡಿಗಳಲ್ಲ. ಕನ್ನಡದಲ್ಲಿ ‘ಬಟ್’ಗೂ ‘ಆದರೆ’, ‘ಹೌವೆವರ್’ಗೂ ‘ಆದರೆ’. ‘ಸೋ’ಗೂ ‘ಹಾಗಾಗಿ’, ‘ದೇರ್‌ಫೋರ್’ಗೂ ‘ಹಾಗಾಗಿ’. ಡಿಕ್ಷನರಿ ನೋಡಿ ಕಲಿತವರಿಗೆ ಇವೆರಡೂ ಒಂದೇ ಜಾತಿ ಅನಿಸುತ್ತದೆ. ಆದ್ದರಿಂದಲೇ ‘ದಿ ಟ್ರೇನ್ ವಾಸ್ ಲೇಟ್, ಹೌವೆವರ್ ವಿ ರೀಚ್ಡ್ ಬೀದರ್ ಬೈ ನೂನ್’ ಅನ್ನುವ ತಪ್ಪು ಪುಟಪುಟಕ್ಕೂ ಸಿಗುತ್ತದೆ.

ಎರಡನ್ನೂ ಬೇರೆ ಮಾಡಲು ಪದವನ್ನು ಜಾಗ ಬದಲಿಸಿ ನೋಡಿ. ‘ವಿ, ಹೌವೆವರ್, ರೀಚ್ಡ್ ಬೀದರ್ ಬೈ ನೂನ್’ ಅಂತ ಬರೆಯಬಹುದು. ‘ವಿ ರೀಚ್ಡ್ ಬೀದರ್ ಬೈ ನೂನ್, ಹೌವೆವರ್’ ಅಂತಲೂ ಆಗುತ್ತದೆ. ‘ವಿ ಬಟ್ ರೀಚ್ಡ್’ ಅಂತ ಆಗುವುದೇ ಇಲ್ಲ. ‘ಬಟ್’ ಮೊಳೆಯಂತೆ, ಹೊಡೆದ ಜಾಗದಲ್ಲೇ ಇರುತ್ತದೆ. ‘ಹೌವೆವರ್’ ತಿರುಗಾಡುತ್ತದೆ, ತಿರುಗಾಡುವ ಪದ ಎರಡು ವಾಕ್ಯಗಳನ್ನು ಹಿಡಿದಿಡಲಾರದು. ಹಾಗಾಗಿ ಅದಕ್ಕಿಂತ ಮೊದಲು ಸೆಮಿಕೋಲನ್ ಅಥವಾ ಪೂರ್ಣವಿರಾಮ, ಅದು ಆದಮೇಲೆ ಕಾಮಾ: ದಿ ಟ್ರೇನ್ ವಾಸ್ ಲೇಟ್; ಹೌವೆವರ್, ವಿ ರೀಚ್ಡ್ ಬೀದರ್ ಬೈ ನೂನ್. ‘ದೆನ್’ಗೂ ಮೊದಲು ಅದೇ ಸೆಮಿಕೋಲನ್, ಆದಮೇಲೆ ಕಾಮಾ ಬೇಕಿಲ್ಲ: ವಿ ಬಾಟ್ ಟಿಕೆಟ್ಸ್; ದೆನ್ ವಿ ರ್‍ಯಾನ್ ಟು ದಿ ಪ್ಲಾಟ್‌ಫಾರ್ಮ್.

ನಾಲ್ಕನೆಯ ವಾಕ್ಯದಲ್ಲಿ ಕಾಮಾ ಇದೆ, ಜಾಗ ತಪ್ಪಿದೆ. ‘ಆದರೆ’ ಅಂದಮೇಲೆ ನಾವು ಮಾತಿನಲ್ಲಿ ಒಂದು ಗಳಿಗೆ ನಿಲ್ಲುತ್ತೇವೆ, ಕನ್ನಡ ಪತ್ರಿಕೆಗಳಲ್ಲೂ ‘ಆದರೆ,’ ಅಂತ ಅಚ್ಚಾಗುತ್ತದೆ. ಆ ಅಭ್ಯಾಸವೇ ‘ಬಟ್,’ ಆಗಿ ಬಂದಿದೆ. ಕಾಮಾ ಯಾವಾಗಲೂ ಕೊಂಡಿಗಿಂತ ಮೊದಲು: ವಿ ವರ್ಕ್ಡ್ ಹಾರ್ಡ್, ಬಟ್ ವಿ ಗಾಟ್ ನಥಿಂಗ್. ‘ಬಟ್’ನಿಂದಲೇ ವಾಕ್ಯ ಶುರು ಮಾಡಿದರೂ ಅದಾದಮೇಲೆ ಕಾಮಾ ಬೇಡ. ‘ಬಟ್’ ಆದಮೇಲೆ ನಡುವೆ ಬೇರೆ ಮಾತು ತೂರಿಸಿದರೆ ಮಾತ್ರ ಆ ತೂರಿಸಿದ ಮಾತಿನ ಎರಡೂ ಬದಿಗೆ ಕಾಮಾ ಹಾಕಬಹುದು: ಬಟ್, ಟು ಅವರ್ ಸರ್ಪ್ರೈಸ್, ದಿ ಪ್ರೈಸ್ ರೋಸ್.

ನೀವು ಕೇಳದಿದ್ದರೂ ‘ಸೋ’ ಬಗ್ಗೆ ಹೇಳಲೇಬೇಕು, ಮುಂದಿನ ಗೋಲ ಅಲ್ಲೇ ಬೀಳುವುದು. ಈ ಎರಡು ನೋಡಿ. ಶಿ ಲೆಫ್ಟ್ ಅರ್ಲಿ, ಸೋ ಶಿ ಗಾಟ್ ಎ ಸೀಟ್. ಶಿ ಲೆಫ್ಟ್ ಅರ್ಲಿ ಸೋ ಶಿ ಕುಡ್ ಗೆಟ್ ಎ ಸೀಟ್. ಮೊದಲನೆಯದು ‘ಬೇಗ ಹೊರಟಳು, ಹಾಗಾಗಿ ಸೀಟು ಸಿಕ್ಕಿತು’. ಎರಡನೆಯದು ‘ಸೀಟು ಸಿಗಲಿ ಅಂತ ಬೇಗ ಹೊರಟಳು’, ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ‘ಹಾಗಾಗಿ’ ಅನ್ನುವ ಅರ್ಥ ಬಂದರೆ ಕಾಮಾ, ‘ಅಂತ’ ಅನ್ನುವ ಅರ್ಥ ಬಂದರೆ ಬೇಡ. ಸಂಶಯವಿದ್ದರೆ ‘ಸೋ’ ಪಕ್ಕದಲ್ಲಿ ‘ದಟ್’ ಇಟ್ಟು ನೋಡಿ. ಅರ್ಥ ಕೆಡದೆ ಕೂತರೆ ಅದು ಉದ್ದೇಶದ ‘ಸೋ’, ಕಾಮಾ ಬೇಡ.

‘ಬಿಕಾಸ್’ ಕೂಡ ಏಳರ ಪಟ್ಟಿಯಲ್ಲಿ ಇಲ್ಲ. ಅದು ಮೊದಲು ಬಂದರೆ ಅದರ ಉಪವಾಕ್ಯ ಮುಗಿದಲ್ಲಿ ಕಾಮಾ, ನಡುವೆ ಬಂದರೆ ಸಾಮಾನ್ಯವಾಗಿ ಕಾಮಾ ಇಲ್ಲ. ‘ದಟ್’ ಎರಡು ಸಲ ಬಂದಾಗಲೂ ಹುಷಾರು: ದಿ ಕಂಡಕ್ಟರ್ ಸೆಡ್ ದಟ್ ದಿ ಬಸ್ ವಾಸ್ ಫುಲ್ ಆ್ಯಂಡ್ ದಟ್ ದಿ ನೆಕ್ಸ್ಟ್ ವನ್ ವುಡ್ ಕಮ್ ಅಟ್ ಸಿಕ್ಸ್. ಕರ್ತೃ, ಕ್ರಿಯಾಪದದ ಜೋಡಿ ಎರಡು ಕಂಡರೂ ಎರಡೂ ಕಂಡಕ್ಟರ್ ಹೇಳಿದ ಮಾತೇ, ‘ಸೆಡ್’ ಕೆಳಗೇ ಇವೆ. ಕಾಮಾ ಬೇಡ.

ಚಿಕ್ಕ ವಾಕ್ಯಗಳಿಗೆ ವಿನಾಯಿತಿ ಇದೆ. ಎರಡೂ ಭಾಗ ಮೂರು ನಾಲ್ಕು ಪದದ್ದಾದರೆ ಕಾಮಾ ಬಿಡಬಹುದು: ಹಿ ಸ್ಯಾಂಗ್ ಆ್ಯಂಡ್ ವಿ ಲಿಸನ್ಡ್. ಬ್ರಿಟಿಷ್ ಬರಹದಲ್ಲಿ ಈ ಸಡಿಲಿಕೆ ಹೆಚ್ಚು. ಪರೀಕ್ಷೆಗೆ ನನ್ನ ಸಲಹೆ ಬೇರೆ: ಅಲ್ಲೂ ಹಾಕಿ. ಹಾಕಿದ್ದಕ್ಕೆ ಅಂಕ ಕಳೆಯುವವರು ಅಪರೂಪ, ಬಿಟ್ಟದ್ದಕ್ಕೆ ಕಳೆಯುವವರು ಸಿಗುತ್ತಾರೆ. ಒಂದೇ ಒಂದು ಜಾಗದಲ್ಲಿ ಬಿಡುವುದೇ ಒಳ್ಳೆಯದು, ಎರಡೂ ವಾಕ್ಯಕ್ಕೆ ಸೇರಿದ ಪದ ಆರಂಭದಲ್ಲಿದ್ದಾಗ: ಇನ್ ಮೇ, ದಿ ವೆಲ್ಸ್ ಡ್ರೈ ಅಪ್ ಆ್ಯಂಡ್ ದಿ ಬೋರ್‌ವೆಲ್ಸ್ ಫೇಲ್. ಬಾವಿ ಬತ್ತುವುದೂ ಬೋರ್ ಕೈಕೊಡುವುದೂ ಮೇ ತಿಂಗಳಲ್ಲೇ. ನಡುವೆ ಕಾಮಾ ಹಾಕಿದರೆ ‘ಇನ್ ಮೇ’ ಮೊದಲರ್ಧಕ್ಕೆ ಮಾತ್ರ ಅಂತ ಓದುವ ಸಂಭವವಿದೆ.

ತಿದ್ದುವ ರೂಢಿಗೆ ನಿಮ್ಮ ಹಳೆಯ ಪ್ರಬಂಧದ ಒಂದು ಪುಟ ಸಾಕು. ಎರಡು ಸುತ್ತು ಹಾಕಿ, ಎರಡನ್ನೂ ಒಟ್ಟಿಗೆ ಮಾಡಬೇಡಿ. ಮೊದಲ ಸುತ್ತಿನಲ್ಲಿ ಕಾಮಾ ಕಡೆ ನೋಡದೆ ಏಳು ಕೊಂಡಿಗಳು ಎಲ್ಲೆಲ್ಲಿ ಬಂದಿವೆಯೋ ಅಲ್ಲೆಲ್ಲ ಪೆನ್ಸಿಲ್ ಗೋಲ ಹಾಕಿ, ಒಂದೊಂದರ ಬಲಗಡೆ ಪೂರ್ಣ ವಾಕ್ಯ ಇದೆಯೇ ಅಂತ ಬೆರಳಿಟ್ಟು ನೋಡಿ. ಬಿಟ್ಟುಹೋದ ಕಾಮಾ, ಹೆಚ್ಚಾದ ಕಾಮಾ ಎರಡೂ ಇಲ್ಲಿ ಸಿಗುತ್ತವೆ. ಎರಡನೆಯ ಸುತ್ತಿನಲ್ಲಿ ಕಾಮಾಗಳಿಗೆ ಮಾತ್ರ ಗೋಲ ಹಾಕಿ, ಎರಡೂ ಕಡೆ ಪೂರ್ಣ ವಾಕ್ಯವಿದ್ದು ಕೊಂಡಿ ಇಲ್ಲದ್ದನ್ನು ಹುಡುಕಿ. ಸ್ಪ್ಲೈಸ್‌ಗಳು ಆಗ ಸಿಗುತ್ತವೆ. ಕೊನೆಯ ಪುಟದಿಂದ ಹಿಂದಕ್ಕೆ ಒಂದೊಂದು ವಾಕ್ಯ ತಿದ್ದಿದರೆ ಇನ್ನೂ ಒಳ್ಳೆಯದು. ಮುಂದಿನಿಂದ ಓದಿದರೆ ವಿಷಯದ ಓಟದಲ್ಲಿ ಕಾಮಾ ಮರೆತುಹೋಗುತ್ತದೆ. ಜೋರಾಗಿ ಓದಿ ತಿದ್ದಬೇಡಿ, ಕಿವಿ ಮತ್ತೆ ಉಸಿರಿನ ನಿಯಮಕ್ಕೇ ಕರೆದೊಯ್ಯುತ್ತದೆ.

ಅಭ್ಯಾಸಕ್ಕೆ ನಮ್ಮ ಕಡೆಯ ಕೆಲವು ವಾಕ್ಯ. ಉತ್ತರ ಓದುವ ಮೊದಲು ನೀವೇ ಪೆನ್ಸಿಲ್ ಹಿಡಿಯಿರಿ.

ಯಾದಗಿರಿ ವಾಸ್ ಪಾರ್ಟ್ ಆಫ್ ಗುಲ್ಬರ್ಗ ಡಿಸ್ಟ್ರಿಕ್ಟ್ ಆ್ಯಂಡ್ ಬಿಕೇಮ್ ಎ ಸೆಪರೇಟ್ ಡಿಸ್ಟ್ರಿಕ್ಟ್ ಇನ್ 2009. ಕಾಮಾ ಬೇಡ. ‘ಬಿಕೇಮ್’ಗೆ ತನ್ನದೇ ಕರ್ತೃ ಇಲ್ಲ, ಯಾದಗಿರಿಯೇ ಎರಡಕ್ಕೂ.

ಗುಲ್ಬರ್ಗ ವಾಸ್ ರೀನೇಮ್ಡ್ ಕಲಬುರಗಿ ಇನ್ 2014, ಮೆನಿ ಪೀಪಲ್ ಸ್ಟಿಲ್ ಯೂಸ್ ದಿ ಓಲ್ಡ್ ನೇಮ್. ಸ್ಪ್ಲೈಸ್. ಕಾಮಾ ಅಲ್ಲೇ ಇರಲಿ, ಅದಾದಮೇಲೆ ‘ಬಟ್’ ಸೇರಿಸಿ.

ಮಹಮೂದ್ ಗವಾನ್ ಬಿಲ್ಟ್ ಎ ಮದರಸಾ ಇನ್ ಬೀದರ್ ಇನ್ 1472, ಹೌವೆವರ್ ಹಿ ವಾಸ್ ಎಕ್ಸಿಕ್ಯೂಟೆಡ್ ಇನ್ 1481. ‘1472’ ಆದಮೇಲೆ ಸೆಮಿಕೋಲನ್, ‘ಹೌವೆವರ್’ ಆದಮೇಲೆ ಕಾಮಾ. ‘ಹೌವೆವರ್’ ತೆಗೆದು ‘ಬಟ್’ ಹಾಕಿದರೆ ಮೊದಲಿದ್ದ ಕಾಮಾ ಒಂದೇ ಸಾಕು, ವಾಕ್ಯವೂ ಹಗುರಾಗುತ್ತದೆ.

ಕೊನೆಯದು ಬಿದರಿ ಕೆಲಸದ್ದು, ಸ್ವಲ್ಪ ತೊಡಕಿನದು: ದಿ ವೆಸಲ್ ಈಸ್ ಕಾಸ್ಟ್ ಇನ್ ಝಿಂಕ್ ಆ್ಯಂಡ್ ಕಾಪರ್ ಆ್ಯಂಡ್ ಸಿಲ್ವರ್ ವೈರ್ ಈಸ್ ಹ್ಯಾಮರ್ಡ್ ಇನ್‌ಟು ದಿ ಗ್ರೂವ್ಸ್. ‘ಆ್ಯಂಡ್’ ಎರಡು ಇವೆ, ಕಾಮಾ ಒಂದೇ ಬೇಕು. ಮೊದಲನೆಯದರ ಬಲಗಡೆ ‘ಕಾಪರ್’, ಅದು ಸತುವಿನ ಜೊತೆ ಎರಕಕ್ಕೆ ಸೇರಿದ ಲೋಹ, ಜೋಡಿ ಅಲ್ಲಿ ಹುಟ್ಟುವುದಿಲ್ಲ. ಎರಡನೆಯದರ ಬಲಗಡೆ ‘ಸಿಲ್ವರ್ ವೈರ್ ಈಸ್ ಹ್ಯಾಮರ್ಡ್’, ಕರ್ತೃವೂ ಇದೆ, ಕ್ರಿಯಾಪದವೂ ಇದೆ. ಹಾಗಾಗಿ ಕಾಮಾ ‘ಕಾಪರ್’ ಆದಮೇಲೆ. ಅದನ್ನು ಬಿಟ್ಟರೆ ಬೀದರ್‌ನ ಕುಶಲಕರ್ಮಿ ಗೀರಿನಲ್ಲಿ ಕೂರಿಸಬೇಕಾದ ಬೆಳ್ಳಿ ತಂತಿ ಸತು, ತಾಮ್ರದ ಜೊತೆ ಮೂಸೆಗೇ ಬಿದ್ದಂತೆ ಓದುತ್ತದೆ.